ಅವ್ವ ಹೊತ್ತ ಬ್ಯಾಟರಿ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವ ಪದ್ಧತಿಯೇ ಇರಲಿಲ್ಲ. ಈಗ ಗಡಹಿಂಗ್ಲಜದ ಈ ಮನೆಯಲ್ಲಿ ಸೊಸೆ ಬಂದು "ಅತ್ಯಾರ, ನೀವು ಫೋನಿನ್ಯಾಗ ಮಾತಾಡೂದು ಓಣಿಗೆಲ್ಲಾ ಕೇಳತೈತಿ" ಎಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹಿಂದೆಯೇ ನಗುವೂ ಬರುತ್ತದೆ. ಅವಳಿಗೇನು ಗೊತ್ತು? ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯ ಪಕ್ಕದ ಕಬನೂರಿನಲ್ಲಿ, ಮಗ್ಗದ ಶೆಡ್ಡಿನ ಬೆನ್ನಿಗೆ ಅಂಟಿಸಿ ಕಟ್ಟಿದ ಖೋಲಿಗಳ ಸಾಲಿನಲ್ಲಿ. ಸಾಲಿನ ಕೊನೆಯ ಎರಡು ಖೋಲಿ ನಮ್ಮವು. ಗೋಡೆಯ ಆ ಕಡೆ ಕರೆಂಟಿನ ಮಗ್ಗಗಳು, ಈ ಕಡೆ ನಾವು. ಬೆಳಗಿನ ಪಾಳಿ ಶುರುವಾದರೆ ಗೋಡೆಯೇ ಅಲುಗಾಡುತ್ತಿತ್ತು. ಹಲಗೆಯ ಮೇಲಿಟ್ಟ ಕಪ್ಪುಗಳು ಸರಿಯುತ್ತ ಸರಿಯುತ್ತ ಅಂಚಿಗೆ ಬರುತ್ತಿದ್ದವು, ಅವ್ವ ದಿನಾ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ದೇವರ ಗೂಡಿನಲ್ಲಿಟ್ಟ ವಿಭೂತಿ ಗಟ್ಟಿ ತಾನೇ ಉರುಳಿ ಕೆಳಗೆ ಬೀಳುತ್ತಿತ್ತು. ನನ್ನ ತಮ್ಮ ಬಸು ಕೂಸಾಗಿದ್ದಾಗ ಮಗ್ಗ ಓಡುತ್ತಿದ್ದರೆ ಮಾತ್ರ ಮಲಗುತ್ತಿದ್ದ, ಕರೆಂಟು ಹೋಗಿ ಎಲ್ಲ ಸುಮ್ಮನಾಯಿತೆಂದರೆ ಬೆಚ್ಚಿ ಎದ್ದು ಅಳುತ್ತಿದ್ದ. ಅಂಥ ಮನೆಯಲ್ಲಿ ಮಾತೆಂದರೆ ಒಂದೋ ಒದರುವುದು, ಇಲ್ಲವೇ ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುವುದು. ಮಗ್ಗದವರ ಸನ್ನೆಗಳೇ ಬೇರೆ. ಎರಡು ಬೆರಳನ್ನು ತುಟಿಗೆ ತಂದರೆ ಚಹಾ. ಹೆಬ್ಬೆರಳು ತೋರುಬೆರಳು ಕೂಡಿಸಿ ಗಂಟು ಹಾಕುವವರಂತೆ ಹೊಸೆದರೆ, ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದು ಅರ್ಥ. ಮಗ್ಗದಲ್ಲಿ ಕಲಿತ ಈ ಸನ್ನೆಗಳು ಮನೆಗೂ ಬಂದಿದ್ದವು. ಬಸು ಊಟಕ್ಕೆ ಕುಳಿತು ಹಟ ಮಾಡಿದರೆ ಅವ್ವ ದೂರದಿಂದಲೇ ಬೆರಳು ಹೊಸೆಯುತ್ತಿದ್ದಳು, ಅವನು ತೆಪ್ಪಗಾಗುತ್ತಿದ್ದ.

ಅಪ್ಪ ಆ ಶೆಡ್ಡಿನ ಜಾಬರ. ಎಂದರೆ ಮಗ್ಗಗಳನ್ನು ರಿಪೇರಿ ಮಾಡಿ ಓಡಿಸುವವ. ಗೋಕಾಕ ಕಡೆಯ ಹಳ್ಳಿಯಿಂದ ಬರಿಗೈಯಲ್ಲಿ ಬಂದು, ಮೊದಲು ಮಗ್ಗ ನಡೆಸಿ, ಆಮೇಲೆ ಈ ಪದವಿಗೆ ಏರಿದ್ದ. ಅವನನ್ನು ಏರಿಸಿದ್ದು ಅವನ ಕಿವಿ. ಶೆಡ್ಡಿನ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿ ಕೇಳಿದನೆಂದರೆ, ಅಷ್ಟು ಮಗ್ಗಗಳ ಗದ್ದಲದೊಳಗೆ ಯಾವುದರ ಲಾಳಿ ತಡವರಿಸುತ್ತಿದೆ, ಯಾವುದರ ಪಟ್ಟಿ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. "ಆ ಮೂಲ್ಯಾಗಿನ ಮಗ್ಗ ಕುಂಟಾಕತ್ತೈತಿ ನೋಡ್ರಿ" ಎಂದರೆ ಅದು ಕುಂಟುತ್ತಲೇ ಇರುತ್ತಿತ್ತು. ಮಾಲಕರು ಅವನನ್ನು ಹೆಸರು ಹಿಡಿದು ಕರೆಯದೆ ಉಸ್ತಾದ ಎನ್ನುತ್ತಿದ್ದರು. ಮಂದಿಯ ಮುಂದೆ ಹಾಗೆ ಕರೆಸಿಕೊಂಡ ದಿನ ಅಪ್ಪನ ನಡಿಗೆಯೇ ಬೇರೆಯಾಗುತ್ತಿತ್ತು. ಊರಲ್ಲಿದ್ದಾಗ ಅವನು ಭಜನೆಯಲ್ಲಿ ಮುಂದಾಳಾಗಿ ಹಾಡುತ್ತಿದ್ದನಂತೆ. ಇಲ್ಲಿಗೆ ಬಂದ ಮೇಲೆ ಹಾಡು ನಿಂತುಹೋಗಿತ್ತು. ಆ ಸದ್ದಿನಲ್ಲಿ ಯಾರಿಗೆಂದು ಹಾಡುವುದು?

ಶೆಡ್ಡಿಗೆ ಕರೆಂಟಿತ್ತು, ಗೋಡೆಯ ಈ ಕಡೆಗೆ ಇರಲಿಲ್ಲ. ಮಾಲಕರು ಮೋಟರುಗಳಿಗೆ ತಂತಿ ಎಳೆಸಿದ್ದರು, ಮನುಷ್ಯರಿಗೆ ಎಳೆಸಿರಲಿಲ್ಲ. ನಮಗೆ ಕಂದೀಲು. ಅಂಥ ಮನೆಗೆ ರೇಡಿಯೋ ಬಂದದ್ದು ನನ್ನ ಸೋದರಮಾವನಿಂದ. ಈರಪ್ಪ ಮಾವ ಗಡಹಿಂಗ್ಲಜದಲ್ಲಿ ಬೆಲ್ಲದ ವ್ಯಾಪಾರದ ಸಾವಕಾರರ ಕಾರು ನಡೆಸುತ್ತಿದ್ದ. ಸಾವಕಾರರನ್ನು ಕರೆದುಕೊಂಡು ಕೊಲ್ಹಾಪುರದ ಪೇಟೆಗೆ ಬಂದಾಗಲೆಲ್ಲ ಸಮಯ ಮಾಡಿಕೊಂಡು ಅಕ್ಕನನ್ನು ನೋಡಲು ಬರುತ್ತಿದ್ದ. ಒಂದು ಸಲ ಹಾಗೆ ಬಂದವನು ಗೋಣಿತಟ್ಟಿನಲ್ಲಿ ಸುತ್ತಿದ ಕರಿಯ ಪೆಟ್ಟಿಗೆಯೊಂದನ್ನು ಹೊಸ್ತಿಲೊಳಗೆ ಇಳಿಸಿದ. ಕಾರಿನ ಹಳೆಯ ಬ್ಯಾಟರಿ. ಅದರ ಜೊತೆಗೆ ಕೊಲ್ಹಾಪುರದಲ್ಲಿ ಯಾರೋ ಬಳಸಿ ಬಿಟ್ಟ, ಬ್ಯಾಟರಿಯ ಮೇಲೆ ನಡೆಯುವ ದೊಡ್ಡ ರೇಡಿಯೋ.

"ಕಾರ ಎಬ್ಬಸೂ ತಾಕತ್ತ ಇದಕ ಉಳದಿಲ್ಲ ಭಾವಾರ. ಆದ್ರ ಹಾಡಸೂ ತಾಕತ್ತ ಐತಿ. ಇನ್ನೂ ಭಾಳ ದಿವಸ ಬರತೈತಿ."

ಅವ್ವನಿಗೆ ಅದನ್ನು ಎಲ್ಲಿಡುವುದೆಂಬುದೇ ಚಿಂತೆಯಾಯಿತು. ಒಳಗೆ ಆಸಿಡ್ ಇದೆ, ಮುಟ್ಟಿದರೆ ಸುಡುತ್ತದೆ ಎಂದು ಮಾವ ಹೇಳಿದ್ದ. ಅಡಿಗೆಯ ಹತ್ತಿರ ಬೇಡ, ದೇವರ ಹತ್ತಿರ ಬೇಡ, ಬಸುವಿನ ಕೈಗೆ ಸಿಗುವಲ್ಲಿ ಬೇಡ. ಕೊನೆಗೆ ಬೀಸುವ ಕಲ್ಲಿನ ಪಕ್ಕದ ಮೂಲೆಯಲ್ಲಿ ಹಲಗೆ ಹಾಕಿ ಕೂರಿಸಿದರು. ಮೇಲೆ ಗೂಡಿನಲ್ಲಿ ರೇಡಿಯೋ. ಛಾವಣಿಯಿಂದ ಬೇವಿನ ಮರಕ್ಕೆ ಒಂದು ತಾಮ್ರದ ತಂತಿ ಎಳೆದರು. ಇನ್ನೊಂದು ತಂತಿಯನ್ನು ಬಚ್ಚಲ ಕಲ್ಲಿನ ಅಡಿಯ ಹಸಿ ಮಣ್ಣಿನಲ್ಲಿ ಹೂಳಿದರು. ಆ ಮಣ್ಣು ಒಣಗಿದರೆ ರೇಡಿಯೋ ಕರಕರ ಎನ್ನುತ್ತಿತ್ತು, ಆಗ ಅವ್ವ "ನಿಮ್ಮ ರೇಡಿಯೋದ ಜಳಕ ಆಗಿಲ್ಲ" ಎಂದು ಒಂದು ತಂಬಿಗೆ ನೀರು ಸುರಿಯುತ್ತಿದ್ದಳು. ಬ್ಯಾಟರಿಯ ಎರಡು ಸೀಸದ ಮೊಳೆಗಳ ಮೇಲೆ ಕೆಲವು ದಿನಕ್ಕೊಮ್ಮೆ ಬೂದಿಯಂಥ ಬಿಳಿಯ ಪುಡಿ ಕೂರುತ್ತಿತ್ತು. ಅದನ್ನು ನೋಡಿ ಪಕ್ಕದ ಖೋಲಿಯ ಗಂಗವ್ವ, "ಇದೂ ನಮ್ಮ ಪೈಕಿನ ಐತಿ ಬಿಡ, ದಿನಾ ವಿಭೂತಿ ಹಚಗೋತೈತಿ" ಎಂದು ನಗಿಸಿದ್ದಳು. ದಸರೆಯ ಖಂಡೆಪೂಜೆಯ ದಿನ ಅಪ್ಪ ಶೆಡ್ಡಿನ ಮಗ್ಗಗಳಿಗೆ ಪೂಜೆ ಮಾಡಿ ಬಂದು ಇದಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಒಂದು ಚೆಂಡುಹೂ ಇಟ್ಟು ಕೈಮುಗಿಯುತ್ತಿದ್ದ.

ವಾರಕ್ಕೊಮ್ಮೆ ಮಗ್ಗಗಳಿಗೆ ಸುಟ್ಟಿ, ಎಂದರೆ ರಜೆ. ರೇಡಿಯೋ ನಿಜವಾಗಿ ಕೇಳುವುದು ಆ ಸಂಜೆ ಮಾತ್ರ. ಬೇರೆ ದಿನ ಹಚ್ಚಿದರೂ ಮಗ್ಗದ ಸದ್ದಿನಲ್ಲಿ ಯಾರೋ ದೂರದಲ್ಲಿ ಜಗಳಾಡಿದಂತೆ ಕೇಳುತ್ತಿತ್ತು. ಸುಟ್ಟಿಯ ದಿನ ಅವ್ವ ಎಣ್ಣೆಗಾಯಿ ಮಾಡುತ್ತಿದ್ದಳು, ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಊಟಕ್ಕೆ ಮೊದಲು ಗೋಡೆಗೆ ಒರಗಿ ಕೂರುತ್ತಿದ್ದ. ಕೆಂಪು ತಂತಿಯ ಚಿಮಟಿಗೆಯನ್ನು ಬ್ಯಾಟರಿಗೆ ಕಚ್ಚಿಸುವ ಕೆಲಸ ಅವನದೇ, ಬೇರೆಯವರು ಮುಟ್ಟುವಂತಿರಲಿಲ್ಲ. ಮೊದಲು ದುಂಬಿ ಗುಂಯ್‌ಗುಟ್ಟಿದಂತೆ ಸದ್ದು. ಆಮೇಲೆ ಗಾಜಿನ ಪಟ್ಟಿಯ ಹಿಂದೆ ಸಣ್ಣ ದೀಪ. ಆಮೇಲೆ ಕಾದ ಧೂಳಿನ ವಾಸನೆ. ಅದೆಲ್ಲ ಆದ ಮೇಲೆ ಧಾರವಾಡದಿಂದ ಕನ್ನಡ ಬರುತ್ತಿತ್ತು. ಬಾಗಿಲಲ್ಲಿ ಗಂಗವ್ವ, ಅವಳ ಮಕ್ಕಳು, ಆಚೆ ಖೋಲಿಯವರು. ರೈತರ ಮಾತುಕತೆ, ವಾರ್ತೆ, ಅದಾದ ಮೇಲೆ ವಚನ ಹಾಡುವವರು ಬಂದರೆ ಅಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಶೆಡ್ಡಿನ ಸಿಟ್ಟು, ಎಣ್ಣೆಯ ಜಿಡ್ಡು, ಬಾಯಿಮಾತಿನ ಒರಟು ಎಲ್ಲ ಆ ಹೊತ್ತಿಗೆ ಅವನ ಮುಖದಿಂದ ಇಳಿಯುತ್ತಿದ್ದವು. ನಾನು ಅಪ್ಪನನ್ನು ಹೆದರದೆ ನೋಡುತ್ತಿದ್ದದ್ದು ಆಗ ಮಾತ್ರ. ಅವನ ಮೇಲೆ ಪ್ರೀತಿ ಹುಟ್ಟಿದ್ದೂ ಆಗಲೇ. ಸಾಲೆಯಲ್ಲಿ ನನಗೆ ಮರಾಠಿ. ರಾಜ್ಯಗಳು ಬೇರೆಯಾಗಿ ನಾವು ಗಡಿಯ ಈ ಮರಾಠಿ ಕಡೆ ಉಳಿದಿದ್ದೆವು. ಕನ್ನಡದ ಅಕ್ಷರ ಅಪ್ಪ ಕಲಿಸಿದ, ಆದರೆ ಈಗ ಹೀಗೆ ಬರೆಯುವ ಈ ಕನ್ನಡ ಬಂದದ್ದು ಆ ಪೆಟ್ಟಿಗೆಯಿಂದ. ನನ್ನ ಭಾಷೆಯನ್ನು ಒಂದು ಹಳೆಯ ಕಾರಿನ ಬ್ಯಾಟರಿ ಸಾಕಿತು ಎಂದರೆ ಸುಳ್ಳಲ್ಲ.

ಬ್ಯಾಟರಿ ಇಳಿದರೆ ಧ್ವನಿ ಸಣ್ಣದಾಗುತ್ತ ಹೋಗುತ್ತದೆ. ಅಪ್ಪ ರೇಡಿಯೋದ ಬಿರಟೆ ತಿರುವಿ ಧ್ವನಿ ಏರಿಸುತ್ತಾನೆ, ಅದೂ ಸಾಲದಾಗುತ್ತದೆ. ಆಗ ಬ್ಯಾಟರಿಯನ್ನು ಇಚಲಕರಂಜಿಯ ಪೇಟೆಯಲ್ಲಿರುವ ಚಾರ್ಜಿಂಗ್ ಅಂಗಡಿಗೆ ಒಯ್ಯಬೇಕು, ಅಲ್ಲಿ ಬಿಟ್ಟು, ತುಂಬಿದ ಮೇಲೆ ತರಬೇಕು. ಅಪ್ಪನಿಗೆ ಶೆಡ್ಡು. ಒಯ್ಯುವವಳು ಅವ್ವ. ಅವಳು ಹಗಲೆಲ್ಲ ಮನೆಯಲ್ಲೇ ಕೂತು ಮಗ್ಗದ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆ ಕೆಲಸ ಒಂದು ಕಡೆಗಿಟ್ಟು, ಹಳೆಯ ಸೀರೆಯ ಸಿಂಬಿ ತಲೆಯ ಮೇಲಿಟ್ಟು, ಅದರ ಮೇಲೆ ಬ್ಯಾಟರಿ ಹೊತ್ತು ನಡೆಯುತ್ತಿದ್ದಳು. ಪಕ್ಕದಲ್ಲಿ ನಾನು. ದಾರಿಯಲ್ಲಿ ಅವಳ ಕತ್ತು ಸೋತಾಗ ಇಳಿಸಿಕೊಳ್ಳಲು, ಮತ್ತೆ ಎತ್ತಿ ಕೊಡಲು ನಾನು ಬೇಕಾಗಿತ್ತು. ಎಷ್ಟೇ ಜೋಪಾನ ಮಾಡಿದರೂ ಆಸಿಡ್ ತುಳುಕುತ್ತಿತ್ತು. ಬಿದ್ದಾಗ ಏನೂ ಕಾಣುತ್ತಿರಲಿಲ್ಲ, ಸೀರೆ ಒಗೆದು ಒಣಹಾಕಿದಾಗ ತೂತು ಕಾಣುತ್ತಿತ್ತು. ಅವ್ವನ ಯಾವ ಸೀರೆಯೂ ತೂತಿಲ್ಲದೆ ಇರಲಿಲ್ಲ. ಅವ್ವ ದಣಿದಿದ್ದಳು. ಅವಳನ್ನು ನೆನೆದರೆ ನನಗೆ ಮೊದಲು ಕಾಣುವುದು ಅದೇ, ದಾರಿಯ ಬದಿಯ ಕಲ್ಲಿನ ಮೇಲೆ ಬ್ಯಾಟರಿ ಇಳಿಸಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿ, ಏನನ್ನೂ ನೋಡದೆ ಕುಳಿತ ಅವ್ವ.

ಮೊದಮೊದಲು ಈ ಹೊರುವ ಕೆಲಸ ಅಪರೂಪಕ್ಕೆ ಬರುತ್ತಿತ್ತು. ಆಮೇಲಾಮೇಲೆ ಹತ್ತಿರ ಹತ್ತಿರ ಬರತೊಡಗಿತು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಸುಟ್ಟಿ ಬಂತೆಂದರೆ ಅಪ್ಪನದು ಅದೇ ಮಾತಾಗಿತ್ತು.

"ಮತ್ತ ಇಳದೈತಿ ನೋಡ. ಏನೇನೂ ಕೇಳಸವಲ್ದು."

ಹೆಂಗಸರು ಹಾಡುವಾಗ ಅವನ ತಕರಾರು ಹೆಚ್ಚು. "ಈಗಿನ ಹೆಣ್ಣಮಕ್ಕಳು ಬಾಯಿ ತೆಗದು ಹಾಡೂದ ಇಲ್ಲ. ಗುಣುಗುಣು ಅಂತಾವು" ಎನ್ನುತ್ತಿದ್ದ. ನನಗೆ ಸ್ಪಷ್ಟ ಕೇಳುತ್ತಿತ್ತು. ಅಪ್ಪನೆದುರು ಹಾಗೆ ಹೇಳುವ ಧೈರ್ಯ ಯಾರಿಗಿತ್ತು? ಅವನು ಬಿರಟೆ ತಿರುವುತ್ತಿದ್ದ, ನಾವು ಹಲ್ಲು ಕಚ್ಚಿ ಕೂರುತ್ತಿದ್ದೆವು. ಗಂಗವ್ವನ ಮಕ್ಕಳು ಕಿವಿಯಲ್ಲಿ ಬೆರಳಿಟ್ಟುಕೊಂಡು ನಗುತ್ತಿದ್ದವು. "ಯಾಕ ಇಷ್ಟ ಜೋರು?" ಎಂದು ಗಂಗವ್ವ ಕೇಳಿದರೆ ಅವ್ವ, "ಬ್ಯಾಟ್ರಿ ವೀಕ್ ಆಗೇತೆವ್ವಾ, ಏರಿಸದಿದ್ರ ನಡಿಯೂದ ಇಲ್ಲದು" ಎನ್ನುತ್ತಿದ್ದಳು. ಆ ಮಾತಿಗೆ ಅರ್ಥವಿಲ್ಲ. ಬ್ಯಾಟರಿ ವೀಕ್ ಆಗಿದ್ದರೆ ಅಷ್ಟು ಜೋರಾಗಿ ಹೇಗೆ ಒದರೀತು? ಆದರೆ ಒದರಾಟವೇ ಮಾತಾದ ಓಣಿಯಲ್ಲಿ ಅದನ್ನು ಯಾರೂ ಯೋಚಿಸಲಿಲ್ಲ. ಬೇರೆ ಊರಿನ ಮನೆಯಾಗಿದ್ದರೆ ಒಬ್ಬರ ಕಿವಿ ಮಂದವಾಗುವುದು ಎರಡು ದಿನದಲ್ಲಿ ತಿಳಿಯುತ್ತಿತ್ತು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಕೂಗಿಯೇ ಹೇಳುತ್ತಿದ್ದರು, ಎಲ್ಲರೂ ಎಲ್ಲರ ತುಟಿ ನೋಡಿಯೇ ಕೇಳುತ್ತಿದ್ದರು. ಹಾಗಾಗಿ ನಾನೂ ಬ್ಯಾಟರಿಯನ್ನೇ ಬೈದೆ.

ತಿಳಿದದ್ದು ಚಾರ್ಜಿಂಗ್ ಅಂಗಡಿಯಲ್ಲಿ. ಬಿಸಿಲು ಜೋರಾಗಿತ್ತು, ಅವ್ವ ದಾರಿಯಲ್ಲಿ ಹೆಜ್ಜೆಗೊಮ್ಮೆ ಎಂಬಂತೆ ಇಳಿಸಿಕೊಂಡು ಬಂದಿದ್ದಳು. ಅಂಗಡಿಯವನು ಮರಾಠಿ ಮನುಷ್ಯ, ಮುಂಗೋಪಿ. ಬ್ಯಾಟರಿಯ ಮುಚ್ಚಳ ತೆಗೆದು, ಗಾಜಿನ ಪಿಚಕಾರಿಯಿಂದ ಆಸಿಡ್ ಎಳೆದು ಬೆಳಕಿಗೆ ಹಿಡಿದ. ಒಳಗಿನ ಪುಟ್ಟ ಬುರುಡೆ ಮೇಲಕ್ಕೇ ತೇಲಿ ನಿಂತಿತ್ತು. ಅವನಿಗೆ ಸಿಟ್ಟು ಬಂತು.

"ಅಹೋ ಬಾಯಿ, ಹೀ ಭರ್ಲೇಲೀಚ ಆಹೆ! ಕಶಾಲಾ ಆಣಲೀತ?"

ತುಂಬಿಯೇ ಇದೆಯಲ್ಲ, ಯಾಕೆ ತಂದಿರಿ ಎಂದು ಅವನ ಪ್ರಶ್ನೆ. ಅವ್ವ ಚಕಿತಳಾಗಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡು, ತನ್ನ ಮುರುಕು ಮರಾಠಿಯಲ್ಲಿ "ಅಸೂ ದ್ಯಾ ದಾದಾ, ಠೇವಾ" ಎಂದಳು. ಇರಲಿ, ಇಟ್ಟುಕೋ ಎಂದು. ಅವನು ಇವಳಿಗೆ ಹುಚ್ಚು ಎಂಬಂತೆ ತಲೆಯ ಹತ್ತಿರ ಕೈ ತಿರುವಿ, ಬ್ಯಾಟರಿಯನ್ನು ಮೂಲೆಗೆ ಸರಿಸಿದ. ಹೊರಗೆ ಬಂದು ರಸ್ತೆಯ ಆಚೆಯ ಆಲದ ನೆರಳಿನಲ್ಲಿ ಕುಳಿತೆವು. ನಾನು ಕೇಳಿದೆ.

"ತುಂಬೇತಿ ಅಂದ್ನಲ್ಲಬೇ ಅಂವಾ? ಮತ್ಯಾಕ ಬಿಟ್ಟಿ?"

ಅವ್ವ, ನಾನು ಅವಳ ಬಾಯಲ್ಲಿ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದಳು.

"ಬ್ಯಾಟ್ರಿ ಇಳದಿಲ್ಲ ಕಮಲಿ. ನಿಮ್ಮಪ್ಪನ ಕಿವಿ ಇಳದಾವು."

ಅಪ್ಪನ ಕಿವಿ ಎಂದರೆ ನಮ್ಮ ಅನ್ನ, ಅದಕ್ಕಿಂತ ಹೆಚ್ಚಾಗಿ ಅಪ್ಪನ ಮಾನ.

"ಅಪ್ಪಗ ಗೊತ್ತೈತೇನು?"

"ಇಲ್ಲ. ಗೊತ್ತಾಗೂದೂ ಬ್ಯಾಡ. ಶೆಡ್ಡಿನ್ಯಾಗ ಸುದ್ದಿ ಹೋತಂದ್ರ ನಾಳೆನ ಜಾಬರ್ಕಿ ಬಿಡಸ್ತಾರ, ಮತ್ತ ಮಗ್ಗದ ಮುಂದ ನಿಲ್ಲಸ್ತಾರ. ಉಸ್ತಾದ ಅನ್ನವರು ಏ ಅಂತಾರ. ಅದನ್ನ ಅವರು ತಡಕೊಳ್ಳೂದಿಲ್ಲ. ಅವರು ಬ್ಯಾಟ್ರಿ ಅನ್ನೂತನಕ ಅದು ಬ್ಯಾಟ್ರಿನ. ತಿಳೀತಿಲ್ಲೋ?"

ತಿಳಿಯಿತು. ಬ್ಯಾಟರಿ ಮರಳಿ ಬಂದ ದಿನ ಅವ್ವ ಏನು ಮಾಡುತ್ತಿದ್ದಳೆಂದು ಆಮೇಲೆ ನೋಡಿದೆ. ಅಪ್ಪ ಜಳಕಕ್ಕೆ ಹೋದಾಗ ರೇಡಿಯೋದ ಬಿರಟೆಯನ್ನು ಮೊದಲಿದ್ದದ್ದಕ್ಕಿಂತ ಒಂದಿಷ್ಟು ಮುಂದಕ್ಕೆ ತಿರುವಿ ಇಡುತ್ತಿದ್ದಳು. ಅಪ್ಪ ಬಂದು ಚಿಮಟಿಗೆ ಕಚ್ಚಿಸಿದ ಕೂಡಲೇ ಧ್ವನಿ ಗಮ್ಮೆಂದು ಏಳುತ್ತಿತ್ತು. "ಹಾಂ, ಈಗ ನೋಡ, ಹೆಂಗ ಹಾಡತೈತಿ" ಎಂದು ಅವನು ಖುಷಿಯಾಗುತ್ತಿದ್ದ. ಅಷ್ಟಕ್ಕಾಗಿ ಅವ್ವ ಅದನ್ನು ಪೇಟೆಗೆ ಹೊತ್ತು, ಪೇಟೆಯಿಂದ ಹೊತ್ತು ತರುತ್ತಿದ್ದಳು. ಖಾಲಿಯಾದದ್ದನ್ನು ತುಂಬಿಸಲು ಹೊರುವುದು ಒಂದು ತರಹ. ತುಂಬಿದ್ದನ್ನು ತುಂಬಿಸಲು ಹೊರುವ ದಣಿವೇ ಬೇರೆ, ಅದು ಮೂಳೆಗಿಳಿಯುತ್ತದೆ. ನನಗೆ ಅವ್ವನ ಮೇಲೆ ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು. ಬ್ಯಾಟರಿಯನ್ನು ಗಂಗವ್ವನ ಮನೆಯಲ್ಲಿ ಬಚ್ಚಿಟ್ಟು, ಒಯ್ದೆವು ಎಂದು ಹೇಳಬಾರದೇ? ಕೇಳಿದ್ದಕ್ಕೆ, "ಗಂಗವ್ವ ಕೇಳಿದ್ರ ಏನಂತ ಹೇಳ್ಲಿ?" ಎಂದಳು.

ಈ ಸಂಗತಿ ಒಮ್ಮೆ ಒಡೆದೇ ಹೋಗುವುದರಲ್ಲಿತ್ತು. ಸುಟ್ಟಿಯ ದಿನ ಸಂಜೆ, ರೇಡಿಯೋ ಹಚ್ಚಿದ್ದಾಗ, ಈರಪ್ಪ ಮಾವ ಬಂದಿದ್ದ. ಅಪ್ಪ ಅವನಿಗೆ ನೀರು ಕೊಡುವ ಮೊದಲೇ ಶುರು ಮಾಡಿದ.

"ಎಂಥಾ ಬ್ಯಾಟ್ರಿ ಕೊಟ್ಟೀಯೋ ಈರಪ್ಪಾ? ವಾರಕ್ಕೊಮ್ಮೆ ಹೊರಬೇಕಾಗೇತಿ. ನಿಮ್ಮಕ್ಕನ ಕುತಗಿ ನೋಡು, ಹೆಂಗ ಬಾಗೇತಿ. ಸಾವಕಾರ ತಿಪ್ಪಿಗಿ ಒಗೆಯೂದನ್ನ ನಮಗ ತಂದು ಕೊಟ್ಟಿ."

ಮಾವನಿಗೆ ಡ್ರೈವರಿಕೆಯ ಅಭಿಮಾನ. ತಾನು ಕೊಟ್ಟ ವಸ್ತು ಕೆಟ್ಟದೆಂದರೆ ತನಗೇ ಬೈದಂತೆ. ಎದ್ದು ಹೋಗಿ, ಒಂದು ತುಂಡು ತಂತಿಯನ್ನು ಬ್ಯಾಟರಿಯ ಎರಡೂ ಮೊಳೆಗಳಿಗೆ ಚಕ್ಕನೆ ತಾಗಿಸಿದ. ಪಟ್ಟೆಂದು ನೀಲಿ ಕಿಡಿ ಹಾರಿತು. ಬಸು ಹೆದರಿ ಅವ್ವನ ಸೆರಗು ಹಿಡಿದ.

"ಇದಕ ವೀಕ್ ಅಂತೀರೇನು ಭಾವಾರ? ಹುಲಿ ಇದ್ದಂಗ ಐತಿ! ರೇಡಿಯೋ ಕೇಳ್ರಿ, ಕಿವಿ ಹರದು ಹೋಗೂವಂಗ ಒದರಾಕತ್ತೈತಿ. ನಿಮಗ ಕೇಳಸವಲ್ದು ಅಂದ್ರ—"

ಅವ್ವ ಒಲೆಯ ಮುಂದೆ ಕೂತಿದ್ದಳು. ಅವಳ ಕೈ ಮೇಲೆದ್ದು, ಹೆಬ್ಬೆರಳು ತೋರುಬೆರಳು ಕೂಡಿ ಹೊಸೆಯತೊಡಗಿದವು. ಎಳೆ ಹರಿದಿದೆ, ನಿಲ್ಲಿಸು. ಮಾವ ಗಡಹಿಂಗ್ಲಜದವ, ಅವನಿಗೆ ಮಗ್ಗದ ಸನ್ನೆ ಬಾರದು. ಆ ಸನ್ನೆ ನನಗೆ. ಅಪ್ಪನ ಬೆನ್ನು ಅವಳ ಕಡೆಗಿತ್ತು. ನಾನು ಎದ್ದು ಮಾವನ ಕೈ ಹಿಡಿದು, "ಬಾ ಮಾವ, ಮರದ ತಂತಿ ಕಡದೈತಿ, ನೋಡಬಾ" ಎಂದು ಹೊರಗೆ ಎಳೆದೊಯ್ದೆ. ಬೇವಿನ ಮರದ ಕೆಳಗೆ ನಿಂತು ಎಲ್ಲ ಹೇಳಿದೆ. ಮಾವ ಮೇಲೆ ತಂತಿಯನ್ನು ನೋಡುತ್ತ ನಿಂತಿದ್ದ, ಅದು ಕಡಿದಿರಲಿಲ್ಲ. ಬೀಡಿ ಹಚ್ಚಲು ಹೋದವನು ಹಚ್ಚದೆ ಕಿಸೆಗೆ ಹಾಕಿದ. ಒಳಗೆ ಹೋಗಿ ಅಪ್ಪನ ಎದುರು, ತುಟಿ ಕಾಣುವಂತೆ ಕೂತು, ದೊಡ್ಡ ದನಿಯಲ್ಲಿ ಹೇಳಿದ.

"ತಪ್ಪ ನಂದ ಐತ್ರಿ ಭಾವಾರ. ಕಿಡಿ ಹಾರತೈತಿ ಖರೆ, ಒಳಗಿನ ಪ್ಲೇಟು ಹೋಗ್ಯಾವು. ನಂಗ ಮೊದಲ ಗೊತ್ತಿತ್ತು. ಚಲೋದು ಸಿಕ್ಕರ ತಂದು ಕೊಡತೇನಿ."

ಅಷ್ಟು ಅಭಿಮಾನದ ಮನುಷ್ಯ, ಒಳ್ಳೆಯ ಬ್ಯಾಟರಿಯನ್ನು ಕೆಟ್ಟದ್ದೆಂದು ಒಪ್ಪಿಕೊಂಡು ತಲೆ ತಗ್ಗಿಸಿ ರೊಟ್ಟಿ ಮುರಿದ. ಅವ್ವ ಅವನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಅಪ್ಪ ಗೆದ್ದವನಂತೆ ಮೀಸೆ ಸವರಿಕೊಂಡ. ನನಗೆ ಎಲ್ಲರ ಮೇಲೂ ಅಯ್ಯೋ ಅನಿಸಿತು.

ಶೆಡ್ಡಿನಲ್ಲಿ ಅಪ್ಪ ಹೇಗೆ ನಿಭಾಯಿಸುತ್ತಾನೆ ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ. ಮಧ್ಯಾಹ್ನದ ಬುತ್ತಿ ಒಯ್ದಾಗಲೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹತ್ತಿಯ ಧೂಳು ಹಿಮದಂತೆ ಹಾರುತ್ತಿತ್ತು, ನೆಲ ನಡುಗುತ್ತಿತ್ತು. ಅಪ್ಪ ಈಗ ಬಾಗಿಲಲ್ಲಿ ತಲೆ ಓರೆ ಮಾಡಿ ನಿಲ್ಲುತ್ತಿರಲಿಲ್ಲ. ಮಗ್ಗಗಳ ನಡುವೆ ಸುಮ್ಮನೆ ಅಡ್ಡಾಡುವವನಂತೆ ನಡೆಯುತ್ತಿದ್ದ. ಒಂದು ದಿನ ಅವನ ಕೈ ನೋಡಿದೆ. ಹಾದುಹೋಗುವಾಗ ಪ್ರತಿ ಮಗ್ಗದ ಚೌಕಟ್ಟಿನ ಮೇಲೂ ಅಂಗೈ ಊರುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ. ಒಂದು ಮಗ್ಗದ ಮೇಲೆ ಆ ಕೈ ನಿಂತಿತು. ಅಪ್ಪ ಕಣ್ಣು ಮುಚ್ಚಿದ, ವಚನ ಕೇಳುವಾಗ ಮುಚ್ಚುವ ಹಾಗೆಯೇ. ಆಮೇಲೆ ಕಣ್ಣು ತೆರೆದು, ಮಗ್ಗ ನಿಲ್ಲಿಸಲು ಹೇಳಿ, ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಕೆಳಗೆ ತೂರಿದ. ಅವನಿಗೆ ಗೊತ್ತಿತ್ತು. ಅವ್ವ ಯಾರಿಂದ ಮುಚ್ಚಿಡುತ್ತಿದ್ದಳೋ ಅವನಿಗೆ ಎಲ್ಲಕ್ಕಿಂತ ಮೊದಲೇ ಗೊತ್ತಿತ್ತು. ಮೇಲೆದ್ದವನು ಬಾಗಿಲಲ್ಲಿ ನನ್ನನ್ನು ಕಂಡು, ಚೌಕಟ್ಟಿನ ಮೇಲಿಟ್ಟ ಕೈಯನ್ನು ತೆಗೆದು ಪೈಜಾಮಕ್ಕೆ ಒರೆಸಿಕೊಂಡ. ಬುತ್ತಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಅವ್ವನಿಗೆ ನಾನು ಇದನ್ನು ಹೇಳಲಿಲ್ಲ. ಹೇಗೆ ಹೇಳುವುದು, ನೀನು ಹೊತ್ತದ್ದೆಲ್ಲ ಬೇಕಿರಲಿಲ್ಲ ಎಂದು? ಅವನು ಅವಳಿಗಾಗಿ ಬ್ಯಾಟರಿಯನ್ನು ಬೈಯುತ್ತಿದ್ದ, ಅವಳು ಅವನಿಗಾಗಿ ಅದನ್ನು ಹೊರುತ್ತಿದ್ದಳು. ನಡುವೆ ಎಲ್ಲ ತಿಳಿದು ನಾನು. ಆ ವಯಸ್ಸಿನಲ್ಲಿ ಅಷ್ಟು ತಿಳಿದಿರಬಾರದು, ಬೇಗ ಮುದುಕಿಯಾಗುತ್ತೇವೆ. ಮುಂದೆ ನಾನು ಸಂಸಾರ ಮಾಡಿದಾಗಲೂ ಮನೆಯಲ್ಲಿ ಏನಾದರೂ ಕೆಟ್ಟರೆ ಮನುಷ್ಯರನ್ನು ಬಿಟ್ಟು ವಸ್ತುವನ್ನು ಬೈಯುವ ಚಾಳಿ ಹತ್ತಿತು. ಗಂಡ ಮರೆತರೆ ಗಡಿಯಾರ ಕೆಟ್ಟಿದೆ ಎನ್ನುತ್ತಿದ್ದೆ, ಅತ್ತೆ ಕೈ ನಡುಗಿ ಚೆಲ್ಲಿದರೆ ಪಾತ್ರೆ ಸೊಟ್ಟಗಿದೆ ಎನ್ನುತ್ತಿದ್ದೆ. ಮಂದಿ ಇದನ್ನು ಒಳ್ಳೆಯತನ ಎಂದರು. ನನಗೆ ಮಾತ್ರ ಇದರಿಂದ ಕತ್ತು ನೋಯುತ್ತದೆ ಎಂಬುದು ಗೊತ್ತಿತ್ತು.

ಕೊನೆಗೆ ನಮ್ಮ ಖೋಲಿಗಳಿಗೂ ಕರೆಂಟು ಬಂತು. ಹಳೆಯ ಮಾಲಕರು ಮೂಲೆ ಹಿಡಿದು, ಮಗ ಕಾರಭಾರ ನೋಡತೊಡಗಿದ್ದ. ಅವನು ಖೋಲಿಗೊಂದು ದೀಪ, ಗೋಡೆಗೊಂದು ಪ್ಲಗ್ಗು ಹಾಕಿಸಿಕೊಟ್ಟ. ಸುದ್ದಿ ತಿಳಿದು ಈರಪ್ಪ ಮಾವ ಕೊಲ್ಹಾಪುರದಿಂದ ಕರೆಂಟಿನ ರೇಡಿಯೋ ತಂದ. ಮರುದಿನ ಮುಂಜಾನೆ ಹೋಗುವಾಗ ಹಳೆಯ ಸೆಟ್ಟನ್ನೂ ಬ್ಯಾಟರಿಯನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದ. ಅವ್ವ ಅಂದು ಏನು ಖುಷಿಯಲ್ಲಿದ್ದಳು! ಗೂಟಕ್ಕೆ ತೂಗಿದ್ದ ಸಿಂಬಿಯನ್ನು ಕಿತ್ತು ನೀರೊಲೆಗೆ ಹಾಕಿ, ಅದು ಹೊಗೆಯಾಡಿ ಉರಿಯುವುದನ್ನು ನೋಡುತ್ತ, "ಪೀಡಾ ಹೋತು ನಮ್ಮವ್ವಾ" ಎಂದು ನಕ್ಕಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

ಸುಟ್ಟಿಯ ಸಂಜೆ. ಮಗ್ಗಗಳು ಸುಮ್ಮನಿದ್ದವು. ದೀಪದ ಬೆಳಕಿನಲ್ಲಿ ನಮ್ಮ ಖೋಲಿ ಮೊದಲ ಸಲ ಮೂಲೆಮೂಲೆಯೂ ಕಾಣುತ್ತಿತ್ತು, ಬ್ಯಾಟರಿಯ ಸುತ್ತ ನೆಲ ಆಸಿಡಿಗೆ ತಿಂದುಹೋದದ್ದೂ ಕಾಣುತ್ತಿತ್ತು. ಅಪ್ಪ ಪೂಜೆ ಮುಗಿಸಿ ಬಂದು ಗೋಡೆಗೆ ಒರಗಿದ. ಕಚ್ಚಿಸಲು ಚಿಮಟಿಗೆ ಇರಲಿಲ್ಲ. ಮಾವ ಪ್ಲಗ್ಗು ಹಾಕಿ ಬಟನ್ನು ಒತ್ತಿದ. ಹೆಂಗಸೊಬ್ಬರ ಹಾಡು ಬಂತು. ಗುಂಯ್ ಎಂಬ ಸದ್ದಿಲ್ಲದೆ, ಕರಕರ ಇಲ್ಲದೆ, ಅಷ್ಟು ಸ್ವಚ್ಛವಾಗಿ ಆ ಮನೆಯಲ್ಲಿ ಯಾರೂ ಹಾಡಿರಲಿಲ್ಲ. ಬಾಗಿಲಲ್ಲಿ ನೆರೆದವರು ಆಹಾ ಎಂದರು. ಅಪ್ಪ ಅವರ ತುಟಿಗಳನ್ನು ನೋಡಿದ. ಮುಂದಕ್ಕೆ ಬಗ್ಗಿ ಬಿರಟೆ ತಿರುವಿದ. ಮತ್ತೆ ತಿರುವಿದ. ಅದು ಕೊನೆಗೆ ಹೋಗಿ ನಿಂತಿತು, ಮುಂದೆ ತಿರುಗಲಿಲ್ಲ. ಹಾಡು ಹಾಡಾಗಿ ಉಳಿಯದೆ ಒದರಾಟವಾಯಿತು. ಗಂಗವ್ವನ ಮಕ್ಕಳು ಕಿವಿ ಮುಚ್ಚಿಕೊಂಡವು, ಈ ಸಲ ನಗಲಿಲ್ಲ. ಅಪ್ಪ ರೇಡಿಯೋದ ಮೇಲೆ ಅಂಗೈ ಊರಿದ. ಹಾಗೇ ಇದ್ದ. ಆಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಬ್ಯಾಟರಿಯ ಕಡೆಗೆ ಹೋಯಿತು, ಅಲ್ಲಿಂದ ನಮ್ಮೆಲ್ಲರ ಮುಖದ ಮೇಲೆ ಬಂತು. ಬೈಯಲು ಈಗ ಏನೂ ಉಳಿದಿರಲಿಲ್ಲ.

"ಈ ಕರೆಂಟ್ ಭಾಳ ವೀಕ್ ಐತಿ" ಎಂದ ಅಪ್ಪ.

ಗೋಡೆಯ ಆಚೆ ಅದೇ ಕರೆಂಟು ಸುಟ್ಟಿಯೊಂದು ಬಿಟ್ಟು ದಿನಾ ಅಷ್ಟು ಮಗ್ಗಗಳನ್ನು ಓಡಿಸುತ್ತಿತ್ತು, ಅದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಅಪ್ಪನಿಗೆ ತುಟಿ ಕಾಣುವಂತೆ ಎದುರಿಗೆ ನಿಂತಳು.

"ಹೌದ್ರಿ, ವೀಕ್ ಐತಿ. ಆ ಬ್ಯಾಟ್ರಿ ಸರಿಗಟ್ಟಾಕ ಇದಕ ಎಲ್ಲಿ ಆಕೈತಿ?" ಎಂದಳು. ಆಮೇಲೆ ಮಾವನ ಕಡೆ ತಿರುಗಿ, "ತಮ್ಮಾ, ನಾಳೆ ಬ್ಯಾಟ್ರಿ ಒಯ್ಯಬ್ಯಾಡ. ಇರಲಿ. ನಾ ಚಾರ್ಜಿಂಗಿಗೆ ಒಯ್ಯತೇನಿ" ಎಂದಳು.

ಒಳಗೆ ಹೋಗಿ ತೂತುಬಿದ್ದ ಒಂದು ಸೀರೆ ತಂದು, ನೆಲಕ್ಕೆ ಕೂತು, ಪರ್‍ರೆಂದು ಉದ್ದಕ್ಕೆ ಹರಿದಳು. ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೊಸ ಸಿಂಬಿಗೆ ಹುರಿ ಹಾಕತೊಡಗಿದಳು. ತುದಿ ಜಾರಿ ಜಾರಿ ಬರುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಬಂದು, ಎಲ್ಲರ ಮುಂದೆ ಅವ್ವನ ಎದುರು ನೆಲದ ಮೇಲೆ ಕೂತು, ಆ ತುದಿಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಅವ್ವ ತಲೆಯೆತ್ತದೆ ಹುರಿ ಹಾಕುತ್ತಲೇ ಇದ್ದಳು. ರೇಡಿಯೋ ಒದರುತ್ತಲೇ ಇತ್ತು, ಅದನ್ನು ಇಳಿಸಲು ನಾವ್ಯಾರೂ ಏಳಲಿಲ್ಲ.